ಅಂಟು ಹಾಕದ ಹಿಡಿ

ಜೇಡಿಮಣ್ಣಿನ ಉಂಡೆಯನ್ನು ಗಂಡನ ಬಲ ಅಂಗೈಯೊಳಗಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚುವಾಗ ಹಿಡಿಯಕ್ಕ ಉಸಿರು ಬಿಗಿಹಿಡಿದಿದ್ದಳು. ಮಧ್ಯಾಹ್ನದ ಊಟ ಮುಗಿಸಿ ಮಲಗಿದ್ದ ಮೇಸ್ತ್ರಿಯ ಗೊರಕೆ ಒಮ್ಮೆಲೇ ನಿಂತಿತು. ಎಚ್ಚರವಾಗಿಬಿಟ್ಟರೆ ಏನು ಹೇಳುವುದು? ನೊಣ ಓಡಿಸುತ್ತಿದ್ದೆ ಎನ್ನುವುದೇ? ಸದ್ಯ, ಗೊರಕೆ ಒಂದು ಕೆಮ್ಮು ಕೆಮ್ಮಿ ಮತ್ತೆ ಹೊರಟಿತು. ಅವಳು ಅವನ ಕೈಯ ಸುತ್ತ ತನ್ನ ಕೈ ಬಿಗಿದು ಬಲವಾಗಿ ಅದುಮಿದಳು. ಉಂಡೆಯನ್ನು ಮೆಲ್ಲಗೆ ಬಿಡಿಸಿಕೊಂಡು ತುದಿಗಾಲಲ್ಲಿ ಪಕ್ಕದ ಕೆಲಸದ ಕೋಣೆಗೆ ನಡೆದಳು. ಸ್ವಂತ ಮನೆಯಲ್ಲಿ, ಸ್ವಂತ ಗಂಡನ ಹತ್ತಿರ, ಇದೆಂಥ ಕಳ್ಳತನವೋ!

ಅವಳನ್ನು ಹಿಡಿಯಕ್ಕ ಎಂದು ಕರೆಯದ ಬಡಗಿ ಆ ಪೇಟೆಯಲ್ಲೇ ಇರಲಿಲ್ಲ. ಮರದ ಮೈಯನ್ನು ಸವರಿ ನಯ ಮಾಡುವ ಹತ್ತರಿಗಳು ತಯಾರಾಗುತ್ತಿದ್ದ ಮನೆ ಅದು. ಹತ್ತರಿಯ ಮೈ, ಅಲಗು ಮೇಸ್ತ್ರಿಯ ಪಾಲು. ಹಿಡಿ ಅವಳ ಪಾಲು. ಹಿಡಿ ಬೇಕೆಂದು ಬಂದವನು ಎಂಥ ಪೈಲ್ವಾನನೇ ಆಗಿರಲಿ, ಮೊದಲು ಕೈಗೆ ಹಸಿಮಣ್ಣಿನ ಉಂಡೆ ಕೊಟ್ಟು "ಹಿಸುಕು" ಎನ್ನುವಳು. "ಇನ್ನೂ ಗಟ್ಟಿಯಾಗಿ ಹಿಸುಕಪ್ಪಾ, ಅದೇನು ಹೊಸ ಹೆಂಡತಿ ಕೈಯಾ?" ಎಂದು ಗದರುವಳು. ಮೂರು ಬೆರಳು ಹಿಡಿಯನ್ನು ಸುತ್ತಬೇಕು, ತೋರುಬೆರಳು ಹೊರಗೆ ಅಲಗಿನ ಪಕ್ಕಕ್ಕೆ ಚಾಚಿಕೊಂಡಿರಬೇಕು. ಆ ಗುರುತಿನಂತೆ ಮರ ಕೆತ್ತಿ, ಹತ್ತರಿಯ ಬೆನ್ನಿನ ಕಂಡಿಯಲ್ಲಿ ಕೊಡತಿಯಿಂದ ತಟ್ಟಿ ಕೂರಿಸುವಳು. ಅಂಟು ಮಾತ್ರ ಹಾಕುತ್ತಿರಲಿಲ್ಲ. "ಸ್ವಲ್ಪ ದಿನ ಕೆಲಸ ಮಾಡಿ ನೋಡು. ಕೈ ಒಪ್ಪಿದ್ರೆ ಬಾ, ಅಂಟು ಹಾಕಿಕೊಡ್ತೀನಿ. ಒಪ್ಪದಿದ್ರೆ ಕಿತ್ತು ಬೇರೆ ಮಾಡೋಣ" ಎನ್ನುವುದು ಅವಳ ಕಟ್ಟಳೆ.

ಬೇಸಿಗೆಯಲ್ಲಿ ಮೇಸ್ತ್ರಿಗೆ ಲಕ್ವ ಹೊಡೆದಿತ್ತು. ಕಾಲು ಬಂತು, ಮಾತೂ ಬಂತು. ಮಾತಿನ ಜೊತೆ ಮೂಗಿನ ತುದಿಯ ಕೋಪವೂ ಬಂತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಅದನ್ನು ಅವನು ಹಗಲೆಲ್ಲ ಅಂಗಿಯ ಜೇಬಿನಲ್ಲಿ ಬಚ್ಚಿಡುತ್ತಿದ್ದ. ಒಮ್ಮೆ ಮಣ್ಣು ಹಿಸುಕಿ ಕೊಡಿ, ಈಗಿನ ಕೈಗೆ ತಕ್ಕ ಹಿಡಿ ಮಾಡುತ್ತೇನೆ ಎಂದು ಅವಳು ಎಷ್ಟು ಗೋಗರೆದರೂ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಈ ಮಧ್ಯಾಹ್ನ ಊಟ ಮುಗಿಸಿ, "ತಮ್ಮನಿಗೆ ಹೇಳಿದ್ದೀನಿ. ನಾಳೆ ಗಾಡಿ ತಂದು ಸಾಮಾನೆಲ್ಲ ತಗೊಂಡು ಹೋಗ್ತಾನೆ. ಅವನಾದ್ರೂ ಕೆಲಸ ಮಾಡ್ಲಿ" ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದ. ಆ ಕೋಣೆ ಖಾಲಿಯಾದರೆ ಈ ಮನುಷ್ಯ ಮತ್ತೆ ಗೋಡೆಯಿಂದ ಈಚೆಗೆ ತಿರುಗುವುದಿಲ್ಲ ಎಂದು ಅವಳಿಗೆ ಭಯ ಹತ್ತಿತ್ತು. ಒಂದೇ ಒಂದು ಸಲ ಹತ್ತರಿ ಓಡಿಸಿದರೆ ಸಾಕು, ಆಮೇಲೆ ಅವನೇ ಅದನ್ನು ಬಿಡುವುದಿಲ್ಲ ಎಂದುಕೊಂಡಳು.

ಸಂಜೆಯವರೆಗೆ ಅವಳು ಕೂತಲ್ಲಿಂದ ಏಳಲಿಲ್ಲ. ಮರದ ಎಳೆ ಹಿಡಿಯ ಉದ್ದಕ್ಕೇ ಹರಿಯುವಂತೆ ತುಂಡು ಆರಿಸಿದಳು. ಅಡ್ಡ ಹರಿದರೆ ಹಿಡಿಯ ಕತ್ತು ಪಟ್ಟನೆ ಮುರಿಯುತ್ತದೆ. ಉಂಡೆಯಲ್ಲಿ ಬೆರಳಿನ ಗುರುತು ಆಳವಾಗಿತ್ತು, ನಡು ಸಣ್ಣಗಿತ್ತು. ಅರದಿಂದ ಉಜ್ಜಿ ಉಜ್ಜಿ ಮರವನ್ನೂ ಹಾಗೆಯೇ ಸಣ್ಣ ಮಾಡಿದಳು. ಎಂದೋ ಉಳಿ ಬಿದ್ದು ಸೀಳಿದ್ದ ಹೆಬ್ಬೆರಳಿನ ಉಗುರು ನೋಯತೊಡಗಿದರೂ ಬಿಡಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಕೆಲಸದ ಕೋಣೆಗೆ ಬಂದಾಗ ಬೆಂಚಿನ ಮೇಲೆ ಹಲಗೆ ಬಿಗಿದಿತ್ತು. ಅದರ ಮೇಲೆ ಅವನದೇ ಹಳೆಯ ಹತ್ತರಿ, ಬೆನ್ನಿಗೆ ಹೊಸ ಹಿಡಿ. ಅವನು ಹೆಂಡತಿಯ ಮುಖ ನೋಡಿದ. ಅವಳು ಕಸ ಗುಡಿಸುವ ನೆಪದಲ್ಲಿ ಬಗ್ಗಿದಳು. ಅವನು ಜೇಬಿನಿಂದ ಬಲಗೈ ತೆಗೆದು ಹಿಡಿಯ ಮೇಲಿಟ್ಟು, ಎಡಗೈಯಿಂದ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಪ್ರತಿ ಬೆರಳೂ ತನ್ನ ಜಾಗದಲ್ಲಿ ಹೋಗಿ ಕೂತಿತು.

"ಅಬ್ಬಾ! ಹೇಗೆ ಕೂತಿದೆ ನೋಡೇ" ಎಂದ. ಎಷ್ಟು ದಿನವಾಗಿತ್ತು ಆ ದನಿ ಕೇಳಿ! ಅವಳಿಗೆ ಪೊರಕೆ ಬಿಸಾಕಿ ಕುಣಿಯಬೇಕೆನ್ನಿಸಿತು.

ಎಡಗೈಯನ್ನು ಹತ್ತರಿಯ ಮುಂಭಾಗಕ್ಕೆ ಒತ್ತಿ ಅವನು ದೂಡಿದ. ಅಲಗು ಮರ ಕಚ್ಚಿತು, ಒಂದು ಸುರುಳಿ ಎದ್ದಿತು. ಅಷ್ಟೇ. ಬಲಗೈಯ ಬೆರಳುಗಳು ಹಾಗೇ ಬಿಚ್ಚಿಕೊಂಡವು, ಹಿಡಿ ಅಂಗೈಯಿಂದ ಜಾರಿತು, ಹತ್ತರಿ ಮಗುಚಿ ಹಲಗೆಯಿಂದ ಉರುಳಿ ಧೊಪ್ಪನೆ ನೆಲಕ್ಕೆ ಬಿತ್ತು.

ಮೇಸ್ತ್ರಿ ಬಲಗೈಯನ್ನು ಮತ್ತೆ ಜೇಬಿಗೆ ತುರುಕಿದ. ಆಮೇಲೆ ಅವನು ಕೇಳಿದ, "ನಾನು ಮಣ್ಣು ಹಿಸುಕೇ ಇಲ್ಲ. ನನ್ನ ಅಳತೆ ನಿನಗೆ ಎಲ್ಲಿಂದ ಬಂತು?"

ಅವಳು ಕಿಟಕಿಯ ಮೇಲಿದ್ದ ಉಂಡೆಯ ಕಡೆ ನೋಡಬಾರದಿತ್ತು, ನೋಡಿಬಿಟ್ಟಳು. "ನಿನ್ನೆ... ನೀವು ಮಲಗಿದ್ದಾಗ."

"ಮಲಗಿದ್ದಾಗ!" ಎಂದ ಅವನು. "ಮಲಗಿದ್ದಲ್ಲೇ ಅಳತೆ ತಗೊಳ್ಳೋದು ಯಾರದ್ದು ಗೊತ್ತಾ? ಹೆಣದ್ದು. ನಾನಿನ್ನೂ ಸತ್ತಿಲ್ಲ ಕಣೇ!"

ಅವನು ಎಡಗೈಯಲ್ಲಿ ಉಂಡೆಯನ್ನು ಎತ್ತಿಕೊಂಡ. ಎಸೆದೇಬಿಡುತ್ತಾನೆ ಎಂದುಕೊಂಡಳು. ಎಸೆಯಲಿಲ್ಲ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ತನ್ನ ಬೆರಳಿನ ಆಳವಾದ ಗುರುತುಗಳ ಪಕ್ಕದಲ್ಲಿ ಒಂದು ಚಿಕ್ಕ ಹೆಬ್ಬೆರಳಿನ ಗುರುತಿತ್ತು, ಅದರ ಉಗುರಿನ ನಡುವೆ ಒಂದು ಸೀಳು.

"ಇದು ನೀನು" ಎಂದ. ಈಗ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಇನ್ನೂ ಹೆದರಿಕೆ ಹುಟ್ಟಿಸಿತು. "ಹಿಸುಕಿದ್ದು ನೀನು. ಇದ್ರಲ್ಲಿರೋ ಶಕ್ತಿಯೆಲ್ಲ ನಿಂದೇ."

"ಹೌದ್ರೀ, ನಂದೇ! ಇನ್ನೇನು ಮಾಡ್ಲಿ?" ಅವಳಿಗೆ ಅಳು ಒತ್ತರಿಸಿ ಬಂತು. "ಎಚ್ಚರ ಇದ್ದಾಗ ಕೈ ಕೊಡ್ತಿದ್ರಾ? ಜೇಬಲ್ಲಿಟ್ಟುಕೊಂಡು ತಿರುಗ್ತೀರ. ನನ್ನಿಂದಾನೂ ಬಚ್ಚಿಡ್ತೀರ. ಊರೋರಿಗೆಲ್ಲ ಹಿಡಿ ಮಾಡಿಕೊಟ್ಟೆ, ನಿಮ್ಮೊಬ್ಬರಿಗೆ ಮಾಡೋಕಾಗದಿದ್ರೆ ನಾನ್ಯಾಕೆ ಇರಬೇಕು?"

ಹೊರಗೆ ಗಾಡಿ ನಿಂತ ಸದ್ದಾಯಿತು. ಮೈದುನ ಕೈಯಲ್ಲಿ ಗೋಣಿಚೀಲ ಹಿಡಿದು ಒಳಗೆ ಬಂದ. ಅತ್ತಿಗೆಯ ಕೆಂಪು ಕಣ್ಣು ನೋಡಿ ಬಾಗಿಲಲ್ಲೇ ತಡೆದು, "ಆಮೇಲೆ ಬರ್ಲಾ?" ಎಂದ. "ಬೇಡ, ಹೇರು" ಎಂದ ಮೇಸ್ತ್ರಿ. ಪಾಪ, ಮೈದುನ ತಲೆ ತಗ್ಗಿಸಿ ಉಳಿ, ಗರಗಸ, ಅಲಗುಗಳನ್ನು ಹೊತ್ತೊಯ್ಯತೊಡಗಿದ. ಗೋಡೆಯ ಮೇಲೆ ಸಾಮಾನಿದ್ದ ಜಾಗಗಳಲ್ಲಿ ಬಿಳಿ ಗುರುತುಗಳು ಉಳಿದವು. ಹಿಡಿಯಕ್ಕ ಆ ಕಡೆ ನೋಡಲಾರದೆ ಬೆಂಚಿನ ಕಾಲಿಗೆ ಒರಗಿ ಕೂತುಬಿಟ್ಟಳು.

ಕೊನೆಗೆ ಮೈದುನ ನೆಲದ ಮೇಲಿದ್ದ ಹತ್ತರಿಯನ್ನು ಎತ್ತಿಕೊಂಡ. "ಅಣ್ಣಾ, ಇದನ್ನೂ ಹಾಕ್ಲಾ?"

ಮೇಸ್ತ್ರಿ ಮೂಲೆಯ ಮಡಕೆಯ ಹತ್ತಿರ ಹೋಗಿ, ಎಡಗೈಯಿಂದ ಒಂದು ಹಿಡಿ ಜೇಡಿಮಣ್ಣು ಬಾಚಿ, ಎದೆಗೆ ಒತ್ತಿ ಉಂಡೆ ಮಾಡಿದ, ಅಂಗಿಯೆಲ್ಲ ಕೆಸರಾಯಿತು. ಬಲಗೈಯನ್ನು ಜೇಬಿನಿಂದ ತೆಗೆದು, ತಮ್ಮನ ಎದುರಿಗೇ, ಉಂಡೆಯ ಮೇಲಿಟ್ಟು ಹಿಸುಕಿದ. ಹಿಸುಕುತ್ತಲೇ ಇದ್ದ. ಕತ್ತಿನ ನರ ಉಬ್ಬಿದವು, ಹಣೆ ಬೆವರಿತು, ತುಟಿ ಸೊಟ್ಟಗಾಯಿತು. ಮೈದುನ ಮುಖ ಬೇರೆ ಕಡೆ ತಿರುಗಿಸಿದ. ಅವಳು ತಿರುಗಿಸಲಿಲ್ಲ.

ಅವನು ಕೈ ತೆಗೆದ. ಉಂಡೆ ಹೆಚ್ಚುಕಡಿಮೆ ಗುಂಡಗೇ ಇತ್ತು. ಎರಡು ಬೆರಳು ತುಸು ಊರಿದ್ದವು, ಮೂರನೆಯದು ಬರೀ ಸವರಿದಂತೆ.

"ಇಷ್ಟೇ ಇರೋದು" ಎಂದ.

ಅವಳು ಎದ್ದು ಉಂಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ದಪ್ಪ ಮಾಡಬೇಕು" ಎಂದಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ತುಂಬಾ ದಪ್ಪ. ಕುಂಬಳಕಾಯಿ ಹಾಗೆ ಕಾಣತ್ತೆ, ಜನ ನಗ್ತಾರೆ."

"ನಗ್ಲಿ ಬಿಡು."

ಮೈದುನ ಹತ್ತರಿ ಹಿಡಿದು ಇನ್ನೂ ನಿಂತೇ ಇದ್ದ. ಮೇಸ್ತ್ರಿ ಅವನ ಕಡೆ ತಿರುಗಿದ. "ಅದನ್ನಲ್ಲೇ ಇಡೋ. ಅದರ ಹಿಡಿ ಇನ್ನೂ ಆಗಿಲ್ಲ."

ಗಾಡಿ ಹೊರಟುಹೋಯಿತು. ಖಾಲಿ ಕೋಣೆಯಲ್ಲಿ ಬೆಂಚು, ಹಲಗೆ, ಒಂದು ಹತ್ತರಿ, ಅವಳ ಅರ ಮತ್ತು ಕೊಡತಿ ಮಾತ್ರ ಉಳಿದಿದ್ದವು. ಹಿಡಿಯಕ್ಕ ಕೊಡತಿಯ ಎರಡೇ ಪೆಟ್ಟಿಗೆ ಅಂಟು ಹಾಕದ ನಿನ್ನೆಯ ಹಿಡಿಯನ್ನು ಕಂಡಿಯಿಂದ ಎಬ್ಬಿಸಿ ತೆಗೆದಳು. ಹೊಸ ಉಂಡೆಯನ್ನು ಕಿಟಕಿಯ ಮೇಲಿಟ್ಟಳು. ಬಿಸಿಲು ಆಗಲೇ ಅಲ್ಲಿಗೆ ಬಂದಿತ್ತು. ಮರ ಆರಿಸಲು ಹೊರಟವಳು ಏನೋ ನೆನಪಾಗಿ ಹಿಂದಿರುಗಿದಳು. ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮಣ್ಣು ಒಣಗದಂತೆ, ಮುಂದೆ ಮತ್ತೆ ಹಿಸುಕಲು ಬರುವಂತೆ, ಉಂಡೆಯ ಮೇಲೆ ಹೊದಿಸಿದಳು.