ಕತ್ತರಿಸಿ ಉಳಿದದ್ದು

"ಬೈದಿದ್ದಾದ್ರೂ ಪರವಾಗಿಲ್ಲ, ಆ ಟೇಪ್ ಹಾಕು ಬೆತೊ," ಎನ್ನುತ್ತ ಅಂಪಾರೊ ಸೋಫಾದ ಮೇಲಿದ್ದ ವೈರುಗಳನ್ನು ಪಕ್ಕಕ್ಕೆ ತಳ್ಳಿ ಕುಳಿತಳು. "ನಿಮ್ಮಣ್ಣ ನಾಲ್ಕು ಮಾತಾಡಿದ್ರೆ ಮೂರು ಬೈಗುಳಾನೇ. ಯಾದಿರಾಗೂ ಗೊತ್ತಾಗ್ಲಿ, ಅವಳಪ್ಪ ಎಂಥೋನು ಅಂತ."

ಶನಿವಾರ ಯಾದಿರಾಳ ಮದುವೆ. ಅವಳಪ್ಪ ನಿಕಾಂದ್ರೊ ಬ್ಯಾಂಡಿನಲ್ಲಿ ತೂಬಾ ಎಂಬ ದೊಡ್ಡ ಕಹಳೆ ಊದುವವನು. ಬ್ಯಾಂಡಿನ ಬಸ್ಸು ರುಮೊರೋಸಾ ಘಾಟಿಯಲ್ಲಿ ಉರುಳಿ ಅವನು ಸತ್ತಾಗ ಮಗಳಿಗೆ ಎರಡು ವರ್ಷ. ಫೋಟೊಗಳು ಬೇಕಾದಷ್ಟಿದ್ದವು, ದನಿ ಎಲ್ಲಿಯೂ ಇರಲಿಲ್ಲ. ಇದ್ದರೆ ಚಿಕ್ಕಪ್ಪ ಬೆತೊನ ಹತ್ತಿರ ಒಂದು ಹಳೆಯ ಟೇಪಿನಲ್ಲಿದೆ, ಮದುವೆಗೆ ಮುಂಚೆ ಕೇಳಿಸುತ್ತೇನೆ ಎಂದು ಅಂಪಾರೊ ಮಗಳಿಗೆ ಮಾತು ಕೊಟ್ಟಿದ್ದಳು. ಬೆತೊ ಎರಡು ಸಲ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಇವತ್ತು ಅವಳೇ ಬೆಳಿಗ್ಗೆ ಬಂದು ಕುಳಿತಿದ್ದಳು.

ನಿಕಾಂದ್ರೊ ಬದುಕಿದ್ದಾಗ, ಮೆಕ್ಸಿಕೊದ ಗಡಿ ಊರಾದ ತಿಹುವಾನಾದ ಸ್ಟುಡಿಯೊಗಳಲ್ಲಿ ಬ್ಯಾಂಡಿನವರು ಹಾಡು ಮುಗಿಸಿ ಹೋದ ಮೇಲೆ ಬೇಡದ ಟೇಪುಗಳು ಮೂಲೆಯ ಪೆಟ್ಟಿಗೆಗೆ ಬೀಳುತ್ತಿದ್ದವು. ಬೆತೊ ಅವನ್ನು ಕೇಳಿ ತರುತ್ತಿದ್ದ. ತೂಬಾದ ಒಂದು ಗುಟುರು, ಅಕಾರ್ಡಿಯನ್ನಿನ ಒಂದು ಎಳೆ, ಡ್ರಮ್ಮಿನ ಒಂದು ಏಟು ಕತ್ತರಿಸಿ ಕಂಪ್ಯೂಟರಿನ ತಾಳಕ್ಕೆ ಕಟ್ಟುತ್ತಿದ್ದ. ಅಪ್ಪಂದಿರ ಕಾಲದ ಹಾಡೆಂದು ಮೂಗು ಮುರಿಯುತ್ತಿದ್ದವರೇ ಡಾನ್ಸ್ ಕ್ಲಬ್ಬಿನಲ್ಲಿ ಅದಕ್ಕೆ ಬೆವರು ಸುರಿಸಿ ಕುಣಿಯುತ್ತಿದ್ದರು. ನಿಕಾಂದ್ರೊ ಒಮ್ಮೆ ಬ್ಯಾಂಡಿನ ಕೆಂಪು ಕೋಟಿನಲ್ಲೇ ಕ್ಲಬ್ಬಿಗೆ ಬಂದು ಕಂಬಕ್ಕೆ ಒರಗಿ ನಿಂತು ಕೇಳಿದ್ದ. "ನನ್ನ ಕೊಚ್ಚಿ ಟಾಕೊ ರೊಟ್ಟಿಗೆ ತುಂಬಿದ್ದೀಯಲ್ಲೋ," ಎಂದು ತಮ್ಮನ ತಲೆಗೆ ಮೊಟಕಿದ್ದ. ಆಮೇಲೆ ಮೂರು ಹಾಡು ಮುಗಿಯುವವರೆಗೂ ಅವನ ಬೂಟು ನೆಲ ತಟ್ಟುತ್ತಲೇ ಇತ್ತು.

ಈಗ ಬೆತೊ ಮದುವೆಗಳಿಗೆ ಸ್ಪೀಕರ್ ಬಾಡಿಗೆ ಕೊಡುತ್ತಾನೆ.

"ಅತ್ತಿಗೆ, ಟೇಪ್ ಇಲ್ಲ," ಎಂದ.

"ಕಳೆದುಹೋಯ್ತಾ?"

"ಅದ್ರ ಮೇಲೇ ಬೇರೆ ರೆಕಾರ್ಡ್ ಮಾಡ್ಬಿಟ್ಟೆ. ನನ್ನ ಮೆಷಿನ್‌ನಲ್ಲಿ ಹಿಡೀತಿದ್ದಿದ್ದೇ ಕೆಲವು ಸೆಕೆಂಡು. ಊದಿದ್ದನ್ನ ಇಟ್ಕೊಂಡೆ, ಮಾತಾಡಿದ್ದೆಲ್ಲ ಕತ್ತರಿಸಿ ಬಿಸಾಕಿದೆ." ಅವನು ತಲೆ ಎತ್ತಲಿಲ್ಲ. "ಆಗ ಅವನು ಬದುಕಿದ್ದ ಅತ್ತಿಗೆ. ಮಾತು ಬೇಕಾದ್ರೆ ಪಕ್ಕದ ಬೀದಿಗೆ ಹೋದ್ರೆ ಸಾಕಿತ್ತು."

ಅಂಪಾರೊ ಕೇಳಿದಳು, "ಏನು ಮಾತಾಡಿದ್ದ?"

"ಎಣಿಸ್ತಿದ್ದ, ಒಂದು ಎರಡು ಅಂತ. ಕ್ಲಾರಿನೆಟ್ಟಿನವನಿಗೆ, ಕುಡಿದು ಬರ್ಬೇಡ ಕತ್ತೆ, ನಿನ್ನ ವಾಸನೆಗೆ ನನ್ನ ತೂಬಾ ತುಕ್ಕು ಹಿಡೀತಿದೆ ಅಂದ. ಆಮೇಲೆ ನಕ್ಕ. ತುಂಬಾ ಹೊತ್ತು ನಕ್ಕ."

"ಅದು ನಿನಗೆ ಕಸ."

"ಹೂಂ."

"ಯಾದಿರಾಗೆ ನೀನೇ ಹೇಳು. ನನ್ನ ಕೈಲಾಗಲ್ಲ." ಅವಳು ಚೀಲ ಹೆಗಲಿಗೇರಿಸಿ ಎದ್ದಳು.

"ಒಂದ್ನಿಮಿಷ ಕೂತ್ಕೊಳ್ಳಿ. ಒಂದೇ ಒಂದು ಉಳಿದಿದೆ."

ಅದನ್ನು ಕೇಳಿಸಲು ಅವನಿಗೆ ನಾಚಿಕೆಯಾಗಿತ್ತು. ಅರ್ಧ ಸೆಕೆಂಡು. ಊದುವ ಮುಂಚೆ ನಿಕಾಂದ್ರೊ ಬಾಯಿ ತೆರೆದು ಎಳೆದುಕೊಂಡ ಉಸಿರು. ಅದನ್ನೂ ಕತ್ತರಿಸಿ ನೋಡಿದ್ದ. ಆಗ ತೂಬಾ ಪ್ಲಾಸ್ಟಿಕ್ ಆಟಿಕೆಯಂತೆ ಕೇಳಿಸಿತ್ತು. ಉಸಿರಿದ್ದರೆ ಮಾತ್ರ ಕುಣಿಯುವವರ ಕಾಲು ಮೇಲೇಳುತ್ತಿತ್ತು. ಅದಕ್ಕಾಗಿ ಉಳಿಸಿಕೊಂಡಿದ್ದ, ಅಣ್ಣನಿಗಾಗಿ ಅಲ್ಲ.

ಹೆಡ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿ ಕೀಲಿ ಒತ್ತಿದ. ಉಸಿರು, ಆಮೇಲೆ ತೂಬಾದ ಗುಟುರು.

"ಇಷ್ಟೇನಾ?"

"ಇಷ್ಟೇ."

"ಇನ್ನೊಂದ್ಸಲ."

ಇನ್ನೊಮ್ಮೆ ಒತ್ತಿದ. ಅಂಪಾರೊ ಚೀಲವನ್ನು ನೆಲಕ್ಕಿಳಿಸಿ ಕುಳಿತಳು. "ತೂಬಾ ಬೇಡ ಬೆತೊ. ಅದು ಎಲ್ಲಾ ಬ್ಯಾಂಡಲ್ಲೂ ಇರುತ್ತೆ. ಮುಂಚಿನದಷ್ಟೇ ಹಾಕು."

ಬೆತೊ ಪರದೆಯ ಮೇಲೆ ಗೆರೆ ಎಳೆದು, ತೂಬಾವನ್ನು ಬುಡಕ್ಕೇ ಕತ್ತರಿಸಿ ಮತ್ತೆ ಒತ್ತಿದ.

ಉಸಿರು ಬಂದೊಡನೆ ಅಂಪಾರೊಳ ಎರಡೂ ಕೈಗಳು ತಾವಾಗಿಯೇ ಮಡಿಲಿನಿಂದ ಮೇಲೆದ್ದವು. ಎದೆಯ ಮುಂದೆ, ಹಿಂದೆ ನಿಕಾಂದ್ರೊ ಮನೆಯಲ್ಲಿ ಊದುವ ಮುಂಚೆ ತೊಡೆಯ ಮೇಲೆ ಕೂತ ಮಗಳ ಕಿವಿ ಮುಚ್ಚುತ್ತಿದ್ದ ಎತ್ತರದಲ್ಲಿ, ಒಂದು ಪುಟ್ಟ ತಲೆಯಷ್ಟು ಜಾಗ ಬಿಟ್ಟು ಅಂಗೈಗಳು ನಿಂತವು. ತೂಬಾ ಬರಲಿಲ್ಲ. ಕೈಗಳು ಹಾಗೆಯೇ ಕಾಯುತ್ತಿದ್ದವು.