ಮೊದಲ ಗುಂಡು ಗಿರಾಕಿಯದು

ಕಿತ್ತೂರಿನ ಹೊರಗೆ, ಹೆದ್ದಾರಿಯ ಬಗಲಿಗೆ ಬಸಲಿಂಗಪ್ಪನ ಪೇಂಟ್‌ಬಾಲ್ ಮೈದಾನವಿದೆ. ಮೊದಲು ಅದು ಹತ್ತಿಯ ಹೊಲ. ಈಗ ಅಲ್ಲಿ ಟೈರು, ಡ್ರಮ್ಮು, ಮರಳುಚೀಲಗಳ ಮರೆ. ಮರೆಯಲ್ಲಿ ಅಡಗಿ ಜನ ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆದುಕೊಳ್ಳುತ್ತಾರೆ. ಮೈಮೇಲೆ ಗುಂಡು ಒಡೆದವರು ಕೈ ಎತ್ತಿ ಹೊರಗೆ ನಡೆಯಬೇಕು, ಅಷ್ಟೇ ಆಟ.

ಸಂಗೊಳ್ಳಿಯ ನಾಗರತ್ನಾ ಅಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದಳು. ಬಂದ ಗುಂಪಿನಲ್ಲಿ ಜನ ಕಡಿಮೆ ಬಿದ್ದರೆ ಅವಳು, ಅವಳ ಜೊತೆ ಕೆಲಸ ಮಾಡುವ ತೌಹೀದ, ಯುವರಾಜ, ಮೂವರೂ ಎದುರಾಳಿಗಳಾಗಿ ನಿಲ್ಲಬೇಕು. ಹುಬ್ಬಳ್ಳಿ, ಬೆಳಗಾವಿಯಿಂದ ಬಂದ ಗಂಡಸರು ಹೆಣ್ಣುಮಗಳ ಕೈಲಿ ಹೊಡೆಸಿಕೊಂಡು ಹೋದರೆ ಮತ್ತೆ ಈ ಕಡೆ ಹಾಯುವುದಿಲ್ಲ. ಅವಳು ಸೇರಿದ ವಾರದಲ್ಲೇ ಬಸಲಿಂಗಪ್ಪ ಕರೆದು ಹೇಳಿದ್ದ.

"ನೋಡವ್ವಾ, ಮೊದಲನೇ ಗುಂಡು ಗಿರಾಕೀದು. ಅವ್ರ ತಪ್ಪಿದ್ರ ಆಮ್ಯಾಲೆ ನೀ ಹೊಡಿ. ಅದೂ ಡ್ರಮ್ಮಿಗಿ."

ತೌಹೀದ, ಯುವರಾಜನಿಗೂ ಇದೇ ಅಪ್ಪಣೆ. ಅವಳು ಹಾಗೆಯೇ ಮಾಡಿದಳು. ದಿನಕ್ಕೆ ನಾಲ್ಕೈದು ಆಟ, ಆರು ವರ್ಷ.

ಮಲೇಷ್ಯಾದ ಪಂದ್ಯಕ್ಕೆ ಹೆಣ್ಣುಮಕ್ಕಳ ತಂಡ ಕಟ್ಟುತ್ತಾರೆಂದು ಸುದ್ದಿ ಬಂದಾಗ ಅವಳಿಗೆ ಇಪ್ಪತ್ತೇಳು. ಇಪ್ಪತ್ತೇಳು ದಾಟಿದವರಿಗೆ ಜಾಗವಿಲ್ಲ. ಇದೊಂದೇ ಸಲ ಎಂದು ಬೆಳಗಾವಿಯ ಆಯ್ಕೆಗೆ ಹೋದಳು. ಅವಳಂತೆ ಓಡಿದವರಿಲ್ಲ, ಅವಳಂತೆ ಬಗ್ಗಿ ಮರೆಯಾದವರಿಲ್ಲ. ಆದರೆ ಎದುರುಬದುರಾದ ಏಳು ಸಲವೂ ಅವಳೇ ಹೊಡೆಸಿಕೊಂಡಳು. ಪ್ರತಿ ಸಲ ಅವಳ ಗುರಿ ಎದುರಿನವಳ ಎದೆಯ ಮೇಲೇ ಇತ್ತು.

ಕಲಿಸಲು ಬಂದಿದ್ದಾಕೆ ಮಲೇಷ್ಯಾದವಳೇ, ನಾಲ್ಕೈದು ದೇಶ ಸುತ್ತಿ ಕಲಿಸಿದವಳು. ಅವಳ ಮಾತನ್ನು ಜೊತೆಗೆ ಹೋಗಿದ್ದ ತೌಹೀದ ಕನ್ನಡಕ್ಕೆ ತರುತ್ತಿದ್ದ. ಆಟ ಒಂದೇ ಆದರೂ ಆಟಗಾರರು ಎಲ್ಲ ಕಡೆ ಒಂದೇ ತರಹ ಬೆಳೆಯುವುದಿಲ್ಲ ಎಂದಳಾಕೆ. ಒಂದು ಕಡೆ ಮನೆಯ ಹಿಂದೆಯೇ ಕಾಡು. ಮಕ್ಕಳು ದೊಡ್ಡವರ ಜೊತೆ ಆಡಿ, ಪೆಟ್ಟು ತಿಂದು, ಅತ್ತು ಕಲಿಯುತ್ತಾರೆ. ಇನ್ನೊಂದು ಕಡೆ ಬೆಳಗಾದರೆ ಗುಂಡಿನ ಪೆಟ್ಟಿಗೆ ಖಾಲಿಯಾಗುವ ತನಕ ಹೊಡೆಯುತ್ತಾರೆ. ಅಂಥವರಲ್ಲಿ ಕಣ್ಣಿಗಿಂತ ಬೆರಳು ಮುಂದು. ಗುಂಡು ಸಿಗದ ಕಡೆ ಬರೀ ಓಟ ಕಲಿಯುತ್ತಾರೆ. ಆದರೆ ಗುರಿ ಹಿಡಿದು ಕಾಯುವವಳನ್ನು ಎಲ್ಲಿಯೂ ಕಂಡಿಲ್ಲ. ಇಷ್ಟು ದಿನ ಯಾರ ಜೊತೆ ಆಡಿದಿ ಎಂದು ಕೇಳಿದಳು.

ನಾಗರತ್ನಾ ಇದ್ದದ್ದನ್ನು ಹೇಳಿದಳು. ಆಕೆ ತನ್ನ ಭಾಷೆಯಲ್ಲಿ ಏನೋ ಅಂದಳು. ತೌಹೀದ ಬಗ್ಗಿ ಬೂಟಿನ ದಾರ ಬಿಗಿಯತೊಡಗಿದ.

"ಏನಂತಾಳೊ?"

"ಬಿಡಕ್ಕಾ."

"ಹೇಳು."

"ಏನೂ ಬರದಾಕಿನ್ನ ಒಂದ್ ತಿಂಗಳದಾಗ ತಯಾರ ಮಾಡತಿದ್ನಿ, ಸೋಲೂದು ಕಲತಾಕಿನ್ನ ಹೆಂಗ ಮಾಡ್ಲಿ ಅಂತಾಳ."

ಆದರೂ ಹದಿನೈದು ದಿನ ಬಿಟ್ಟು ಇನ್ನೊಮ್ಮೆ ನೋಡುವುದಾಗಿ ಹೇಳಿ ಕಳಿಸಿದಳು.

ಸೋಮವಾರ ಮೈದಾನಕ್ಕೆ ರಜೆ. ಈ ಸಲ ನಿಜವಾಗಿ ಆಡೋಣವೆಂದು ಮೂವರೂ ಮೂರು ಮರೆ ಹಿಡಿದರು. ಮುಖವಾಡ ತೊಳೆಯುವ ಮುದುಕ ಮಲ್ಲಿಕಸಾಬ ಸೀಟಿ ಊದಿದ. ಯಾರೂ ಹೊಡೆಯಲಿಲ್ಲ. ಯುವರಾಜನ ಅರ್ಧ ಭುಜ ಅವಳಿಗೆ ಕಾಣುತ್ತಿತ್ತು, ಅವನಿಗೂ ಅವಳು ಕಾಣುತ್ತಿದ್ದಳು. ಬಿಸಿಲು ಏರಿತು.

"ಏನ್ರೋ, ಎಲ್ಲಾರೂ ಮಕ್ಕೊಂಡ್ರೇನು?" ಎಂದ ಮುದುಕ.

ಮತ್ತೆ ಸೀಟಿ, ಮತ್ತೆ ಅದೇ. ಅವಳಿಗೆ ಹೆದರಿಕೆ ಇರಲಿಲ್ಲ. ಹಿರಿಯರು ಕೂರುವ ಮೊದಲು ಕೂರಲಾಗದ ಹಾಗೆ ಬೆರಳು ನಿಂತುಬಿಟ್ಟಿತ್ತು. ಒಂಬತ್ತನೆಯ ಸೀಟಿಗೆ ಯುವರಾಜ ಸೀನಿದ. ಅವನ ಗುಂಡು ಹಾರಿ ನೆಲಕ್ಕೆ ಬಿತ್ತು. ಅದು ಬಿದ್ದದ್ದೇ ತಡ, ನಲವತ್ತು ಹೆಜ್ಜೆ ದೂರದಿಂದ ಅವಳ ಗುಂಡು ಅವನ ಮುಖವಾಡದ ನಡುವೆ ಒಡೆಯಿತು.

"ಭೇಷ್! ಏನ್ ಗುರಿ ನಿಂದು," ಎಂದ ಮಲ್ಲಿಕಸಾಬ.

"ಅಂವ ಹೊಡದಮ್ಯಾಲೆ ಹೊಡದೇನಿ, ಕಾಕಾ," ಎಂದು ಅವಳು ಬಂದೂಕನ್ನು ಚೀಲದ ಮೇಲಿಟ್ಟಳು. ಕಲಿಸಲು ಬಂದಾಕೆಗೆ ಫೋನ್ ಮಾಡಿ, ತನ್ನ ಸಲುವಾಗಿ ಜಾಗ ಹಿಡಿಯುವುದು ಬೇಡವೆಂದು ಹೇಳಲು ತೌಹೀದನಿಗೆ ತಿಳಿಸಿದಳು.

ಇನ್ನೂ ಒಂಬತ್ತು ದಿನ ಅದಾವಲ್ಲ ಎಂದು ತೌಹೀದ ಗೊಣಗಿದ. ಆದರೆ ಗೊಣಗುತ್ತಲೇ ಕಿಸೆಯಿಂದ ಫೋನು ತೆಗೆಯುತ್ತಿದ್ದ.