ಮೂರನೆಯ ಸುತ್ತಿನ ಪಾಯಸ

ಬಿ.ಸಿ. ರೋಡಿನ ಸರ್ಕಲ್‌ನಲ್ಲಿ ಬ್ಯಾನರ್ ಕಟ್ಟಲು ಹೋದ ನಮ್ಮ ಕಡೆಯ ಲೋಕಯ್ಯಣ್ಣನ ಭುಜದ ಎಲುಬನ್ನು ಹಾಡಹಗಲೇ ರಾಡಿನಿಂದ ಮುರಿದರು. ಬ್ಯಾನರಿನಲ್ಲಿ ಬೈಗುಳವೇನೂ ಇರಲಿಲ್ಲ. ‘ಲೋಕಸಭೆಗೆ ಒಬ್ಬರಿಗೆ ಎರಡೇ ಸಲ’ ಎಂದಷ್ಟೇ ಇತ್ತು. ಹೊಡೆದವರು ನಮ್ಮ ಎಂ.ಪಿ.ಯ ಹುಡುಗರು. ಅವರಲ್ಲಿ ನನ್ನ ಮಗ ಉಜ್ವಲ್ ಕೂಡ ಇದ್ದ. ಅವನು ಹೊಡೆಯಲಿಲ್ಲವಂತೆ, ಬರೀ ಹಿಡಿದುಕೊಂಡಿದ್ದನಂತೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಬಟ್ಟೆ ಒಯ್ಯಲು ಮನೆಗೆ ಬಂದಾಗ ಅವನೇ ಹೇಳಿದ.

ಬ್ಯಾನರ್ ಮಾಡಿಸಿದವರು ನನ್ನ ಗಂಡ ಅಣ್ಣು ಮತ್ತು ಅವರ ಸ್ನೇಹಿತ, ಫರಂಗಿಪೇಟೆಯ ಬಟ್ಟೆ ವ್ಯಾಪಾರಿ ಸುಲೈಮಾನ್ ಬ್ಯಾರಿ. ಎಂ.ಪಿ. ಮೂರು ಸಲ ಗೆದ್ದಾಗಿತ್ತು, ನಾಲ್ಕನೆಯ ಸಲಕ್ಕೆ ಅಂಗಿ ಇಸ್ತ್ರಿ ಮಾಡಿಸುತ್ತಿದ್ದರು. ಎರಡು ಅವಧಿ ಮುಗಿಸಿದವರು ಮತ್ತೆ ನಿಲ್ಲಬಾರದು, ಹಾಗೊಂದು ಮಸೂದೆಯನ್ನು ನೀವೇ ಸಂಸತ್ತಿನಲ್ಲಿ ಮಂಡಿಸಬೇಕು ಎಂದು ಇವರಿಬ್ಬರೂ ಬೆಳ್ತಂಗಡಿ, ಮೂಡಬಿದ್ರೆ ಎಂದು ಊರೂರು ತಿರುಗಿ ಜನ ಸೇರಿಸಿದ್ದರು. ನನಗೆ ಕಾನೂನಿನ ಹುಚ್ಚು ಇರಲಿಲ್ಲ. ನನಗೆ ಬೇಕಾದದ್ದು ನನ್ನ ಮಗ. ಆ ಮನುಷ್ಯನಿಗೆ ಕೊಡೆ ಹಿಡಿಯುವ ಕೆಲಸಕ್ಕೆ ಪಿ.ಎ. ಎಂದು ಹೆಸರಿಟ್ಟುಕೊಂಡು ಮನೆಯನ್ನೇ ಮರೆತಿದ್ದ ಮಗ. ಎಂ.ಪಿ. ನಿಲ್ಲದಿದ್ದರೆ ಇವನು ವಾಪಸು ಬಂದಾನು ಎಂಬ ಒಂದೇ ಆಸೆಯಿಂದ ನಾನೂ ಅವರ ಜೊತೆ ಬಿಸಿಲಲ್ಲಿ ಅಲೆದೆ.

ಎಂ.ಪಿ. ಮೂಡಬಿದ್ರೆಯ ಸಭೆಯಲ್ಲಿ ನಗುತ್ತಲೇ ಉತ್ತರ ಕೊಟ್ಟರು. ಜನ ಬಡಿಸುತ್ತಿದ್ದಾರೆ, ನಾನು ಉಣ್ಣುತ್ತಿದ್ದೇನೆ, ಸಾಕು ಎಂದವರು ಯಾರು ಎಂದು ಕೇಳಿದರು. ಚಪ್ಪಾಳೆಯೋ ಚಪ್ಪಾಳೆ. ಸುಲೈಮಾನ್ ಬ್ಯಾರಿಗೆ ಉಪಾಯ ಹೊಳೆದದ್ದು ಆ ಮಾತಿನಿಂದಲೇ. ಹೊಟ್ಟೆ ತುಂಬಿದವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ತುಳುವಿನಲ್ಲಿ ‘ಯಾವು’ ಎನ್ನುತ್ತಾರೆ, ಸಾಕು ಎಂದು. ಅದರ ಮೇಲೆ ಬಡಿಸುವವರು ನಮ್ಮಲ್ಲಿ ಯಾರೂ ಇಲ್ಲ. ಬಂಟ್ವಾಳದ ಹಾಲ್‌ನಲ್ಲಿ ಎಂ.ಪಿ.ಯ ಹುಟ್ಟುಹಬ್ಬದ ಊಟವಿತ್ತು. ಪ್ರತಿವರ್ಷ ಪಾಯಸವನ್ನು ಅವರೇ ಬಡಿಸುತ್ತಿದ್ದರು, ಫೋಟೋಕ್ಕೆ. ಎರಡು ಸಲ ಹಾಕಿಸಿಕೊಳ್ಳುವ, ಮೂರನೆಯ ಸಲ ಕೈ ಅಡ್ಡ ಹಿಡಿಯುವ, ಜಗಳವೇ ಬೇಡ ಎಂದರು ಬ್ಯಾರಿ.

ಎರಡು ಸುತ್ತು ನಗುನಗುತ್ತಾ ಮುಗಿಯಿತು. ನಾನು ಎದುರಿನ ಹೆಂಗಸರ ಪಂಕ್ತಿಯಲ್ಲಿದ್ದೆ. ಮೂರನೆಯ ಸುತ್ತಿಗೆ ಒಲೆಯಿಂದ ಆಗಷ್ಟೇ ಇಳಿಸಿದ ಬಕೆಟ್ ಬಂತು. ಬೆಲ್ಲ ಹಾಕಿದ ಕಡ್ಲೆಬೇಳೆ ಪಾಯಸ, ಇನ್ನೂ ಕುದಿಯುತ್ತಿತ್ತು. ಬಕೆಟ್ ಹಿಡಿದವನು ಉಜ್ವಲ್. ಎಂ.ಪಿ. ಸೌಟು ಎತ್ತಿದಾಗ ಸುಲೈಮಾನ್ ಬ್ಯಾರಿ ಎಲೆಗೆ ಅಂಗೈ ಅಡ್ಡ ಹಿಡಿದರು.

“ಯಾವು,” ಎಂದರು.

ಪಕ್ಕದಲ್ಲಿದ್ದ ನನ್ನ ಗಂಡನೂ ಹಿಡಿದರು. ಇಡೀ ಪಂಕ್ತಿಯೇ ಕೈ ಅಡ್ಡ ಹಿಡಿಯಿತು. ಹಾಲ್ ತುಂಬ ನಗು, ಎಲ್ಲರ ಕೈಯಲ್ಲೂ ಮೊಬೈಲ್. ಎಂ.ಪಿ.ಯ ಮುಖ ಕಪ್ಪಿಟ್ಟಿತು. ಸೌಟನ್ನು ನನ್ನ ಮಗನ ಕೈಗೆ ಕೊಟ್ಟರು.

“ಬಡಿಸು.”

“ಕೈ ಅಡ್ಡ ಉಂಟು, ಅಣ್ಣ.”

“ಕೈಯ ಮೇಲೆ ಬಡಿಸು.”

ಬಡಿಸಿದ. ಉಜ್ವಲನಿಗೆ ಡೆಂಗ್ಯೂ ಬಂದಾಗ ರಕ್ತ ಕೊಟ್ಟ ಕೈ ಅದು. ಬ್ಯಾರಿಯವರ ಕೂಗಿಗೆ ನಗು ನಿಂತಿತು. ಬೆಲ್ಲದ ಪಾಕ ಬೆರಳುಗಳಿಗೆ ಅಂಟಿಕೊಂಡಿತ್ತು. ಅವರು ಇನ್ನೊಂದು ಕೈಯಿಂದ ಒರೆಸಿಕೊಂಡಾಗ ಚರ್ಮವೂ ಜೊತೆಗೆ ಬಂತು.

ಮುಂದಿನ ಕೈ ಅಪ್ಪನದು. ನನ್ನ ಗಂಡ ಕೈ ತೆಗೆಯಲಿಲ್ಲ, ಮಗನ ಮುಖವನ್ನೇ ನೋಡುತ್ತಾ ಕುಳಿತರು. ಉಜ್ವಲ್ ತುಂಬಿದ ಸೌಟು ಹಿಡಿದು ನಿಂತ. ನಾನು ಪಂಕ್ತಿಯಿಂದ ಎದ್ದೆ.

“ನಿನ್ನ ಅಪ್ಪ ಅಲ್ವಾ?” ಎಂದರು ಎಂ.ಪಿ., ಬಹಳ ಮೆತ್ತಗೆ. “ಹಾಗಾದರೆ ಸ್ವಲ್ಪ ಹಾಕು.”

ಸ್ವಲ್ಪ ಹಾಕಿದ.

ಎಲೆಗಳನ್ನು ತುಳಿದುಕೊಂಡು ಓಡಿ ಹೋಗಿ ಮಗನ ಕೆನ್ನೆಗೆ ಬಾರಿಸಿದೆ. ಮತ್ತೆ ಬಾರಿಸಿದೆ, ತುಟಿ ಒಡೆಯಿತು. ಅವನು ಕೈ ಎತ್ತಲಿಲ್ಲ. ಅಷ್ಟರಲ್ಲಿ ಗೋಡೆ ಬದಿಯ ಕುರ್ಚಿಗಳು ಹಾರತೊಡಗಿದ್ದವು. ಒಬ್ಬನ ಹಣೆ ಕಂಬಕ್ಕೆ ಬಡಿಯಿತು, ಸಾಂಬಾರಿನಲ್ಲಿ ಜಾರಿ ಬಿದ್ದವರನ್ನು ಬಿದ್ದಲ್ಲೇ ಒದೆಯುತ್ತಿದ್ದರು. ಬಂದೋಬಸ್ತಿಗೆ ಬಂದಿದ್ದ ಪೊಲೀಸರು ಒಳಗೆ ನುಗ್ಗಿ, ಇವರ ಕೈ ಸುಟ್ಟವನು ಯಾರು ಎಂದು ಕೇಳಿದರು.

ಎಂ.ಪಿ. ನನ್ನ ಮಗನನ್ನು ತೋರಿಸಿದರು. “ಇವನು. ಯಾರೆಂದೇ ನನಗೆ ಗೊತ್ತಿಲ್ಲ. ಅವರ ಕಡೆಯವನೇ ಇರಬೇಕು, ನನ್ನ ಹೆಸರು ಕೆಡಿಸಲು ಬಂದವನು.”

ಉಜ್ವಲ್ ಅವರನ್ನೇ ನೋಡಿದ. ಚಿಕ್ಕವನಿದ್ದಾಗ ಅಳುವ ಮೊದಲು ಅವನ ಮುಖ ಹಾಗೆ ಆಗುತ್ತಿತ್ತು. ಆದರೆ ಅಳಲಿಲ್ಲ. ಸೌಟನ್ನು ತಿರುಗಿಸಿ ಹಿಡಿದು ಎಂ.ಪಿ.ಯ ಮುಖಕ್ಕೆ ಬೀಸಿದ. ಕೆನ್ನೆ ಕಿವಿಯವರೆಗೂ ಸೀಳಿ ಬಿಳಿ ಅಂಗಿ ಕೆಂಪಾಯಿತು. ಎರಡನೆಯ ಏಟಿಗೆ ಹಲ್ಲು ಬಿತ್ತು. ಮೂರನೆಯದಕ್ಕೆ ಅವನ ಜೊತೆಗಾರರೇ ಅವನನ್ನು ಕೆಡವಿದರು, ಲೋಕಯ್ಯಣ್ಣನನ್ನು ಹೊಡೆಯುವಾಗ ಇವನ ಪಕ್ಕದಲ್ಲಿ ನಿಂತಿದ್ದವರೇ. ನಾನು ಮಗನ ಮೇಲೆ ಮಲಗಿದೆ. ಬೂಟುಗಾಲಿನ ಒದೆತಕ್ಕೆ ನನ್ನ ಪಕ್ಕೆಲುಬು ಲಟಕ್ಕೆಂದದ್ದು ನನಗೇ ಕೇಳಿಸಿತು.

ಈಗ ಫರಂಗಿಪೇಟೆಯಿಂದ ಧರ್ಮಸ್ಥಳದವರೆಗೆ ಪ್ರತಿ ಜಂಕ್ಷನ್‌ನಲ್ಲೂ ಕೆನ್ನೆಗೆ ಪಟ್ಟಿ ಕಟ್ಟಿಕೊಂಡು ಕೈಮುಗಿಯುವ ಎಂ.ಪಿ.ಯ ಫೋಟೋ ಉಂಟು. ಟಿಕೆಟ್ ಸಿಕ್ಕಿದೆ. ನಮ್ಮ ಜೊತೆ ಪಂಕ್ತಿಯಲ್ಲಿ ಕುಳಿತವರೇ ಪಾಪ ಮಾರಾಯ, ಎಷ್ಟು ಪೆಟ್ಟು ತಿಂದರು, ಈ ಒಂದು ಸಲ ಕೊಡುವ ಎನ್ನುತ್ತಿದ್ದಾರೆ. ನನಗೆ ಅವರ ಬಾಯಿಗೆ ಮಣ್ಣು ತುಂಬುವಷ್ಟು ಸಿಟ್ಟು ಬರುತ್ತದೆ.

ನಿನ್ನೆ ಉಜ್ವಲನನ್ನು ನೋಡಲು ಜೈಲಿಗೆ ಹೋಗಿದ್ದೆ. ಒಂದು ಕಣ್ಣು ಇನ್ನೂ ತೆರೆದಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದ.

“ಅಮ್ಮ, ಅಪ್ಪನ ಕೈ ಹೇಗುಂಟು?”

ಅವನು ಆ ಕೆಲಸಕ್ಕೆ ಸೇರಿದ ಮೇಲೆ ಮನೆಯವರ ಬಗ್ಗೆ ಕೇಳಿದ್ದು ಅದೇ ಮೊದಲು. ನನ್ನ ಮಗ ನನಗೆ ವಾಪಸು ಸಿಕ್ಕಿದ್ದ. ಸುಳ್ಳು ಹೇಳಿ ಅವನನ್ನು ಮತ್ತೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬೆರಳು ಮಡಚಲು ಬರುವುದಿಲ್ಲ, ನಾನೇ ಉಣಿಸುತ್ತೇನೆ ಎಂದು ಹೇಳಿದೆ.